ಮಾಲ್ಡೀವ್ಸ್ ಲಿವ್‌ಅಬೋರ್ಡ್: ಫೆಬ್ರವರಿಗೆ ಯಾವ ರೂಟ್ ಸರಿ, ಬೋಟಿನವರನ್ನು ಏನೇನು ಕೇಳಬೇಕು?

ನೇತ್ರಾಣಿ_ದಾಟಿ:

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಕೊನೆಯ ವಾರ ನಾನು, ನನ್ನ ಹೆಂಡತಿ ಮಾಲ್ಡೀವ್ಸ್‌ನಲ್ಲಿ 7 ರಾತ್ರಿಯ ಸಫಾರಿ ಬೋಟ್ (ಬೋಟಿನಲ್ಲೇ ಉಳಿದು ಸ್ಕೂಬಾ ಡೈವ್ ಮಾಡುವ ಲಿವ್‌ಅಬೋರ್ಡ್) ಬುಕ್ ಮಾಡಬೇಕು ಅಂತಿದ್ದೇವೆ. ಹೊರಡುವುದು ಬೆಂಗಳೂರಿನಿಂದ.

ನನಗೆ ಸ್ಕೂಬಾದ ಎರಡನೆಯ ಹಂತದ ಸರ್ಟಿಫಿಕೇಟ್ ಅಡ್ವಾನ್ಸ್ಡ್ ಓಪನ್ ವಾಟರ್ ಇದೆ, 34 ಡೈವ್ ಆಗಿದೆ (ನೇತ್ರಾಣಿ 12, ಅಂಡಮಾನಿನ ಹ್ಯಾವ್‌ಲಾಕ್ ಮತ್ತು ನೀಲ್ ಸೇರಿ 22). ಹೆಂಡತಿಗೆ ಬರೀ ಮೊದಲ ಹಂತದ ಓಪನ್ ವಾಟರ್, 14 ಡೈವ್. ಇಬ್ಬರಿಗೂ ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಬಳಸುವ ಸರ್ಟಿಫಿಕೇಟ್ ಇಲ್ಲ. ಇಬ್ಬರೂ ಸಸ್ಯಾಹಾರಿಗಳು. ನೋಡಬೇಕು ಅಂತ ಆಸೆ ಇರೋದು ಮ್ಯಾಂಟಾ ರೇ ಮೀನು ಮತ್ತು ವೇಲ್ ಶಾರ್ಕ್.

ಕೈಯಲ್ಲಿ ಮೂರು ಕೊಟೇಶನ್ ಇವೆ. ಒಂದು ಸೆಂಟ್ರಲ್ ಅಟಾಲ್ಸ್ (ಅಟಾಲ್ ಅಂದರೆ ಉಂಗುರದಂತಿರುವ ಹವಳ ದ್ವೀಪಗಳ ಸಾಲು), ಅಂದರೆ ನಾರ್ತ್ ಮಾಲೆ, ವಾವು, ಆರಿ. ಎರಡನೆಯದು ಡೀಪ್ ಸೌತ್: ಹುವಧು, ಫುವಹ್ಮುಲ, ಅಡ್ಡು. ಮೂರನೆಯದು ಬಾ ಅಟಾಲ್, ಹನಿಫಾರು ಬೇ. ಇದೇ ಎಲ್ಲಕ್ಕಿಂತ ಅಗ್ಗ, ಅದಕ್ಕೇ ಮನಸ್ಸು ಅತ್ತ ವಾಲುತ್ತಿದೆ. ಯಾವುದು ಸರಿ? ಮುಂಗಡ ಕಟ್ಟುವ ಮೊದಲು ಬೋಟಿನವರ ಹತ್ತಿರ ಏನೇನು ಕೇಳಿಕೊಳ್ಳಬೇಕು?

---

ಕಡಲಕೋಡಿ:

ಬಾ ಅಟಾಲ್ ಆ ತಿಂಗಳಿಗೆ ಬೇಡ ಸರ್. ಅಗ್ಗಕ್ಕೆ ಕಾರಣವೇ ಅದು, ಸೀಸನ್ ಅಲ್ಲ. ಹನಿಫಾರುವಿನಲ್ಲಿ ಮ್ಯಾಂಟಾಗಳು ಗುಂಪುಗಟ್ಟುವುದು ನೈಋತ್ಯ ಮಾನ್ಸೂನ್‌ನಲ್ಲಿ, ಜೂನ್‌ನಿಂದ ನವೆಂಬರ್‌ವರೆಗೆ. ಆಗಸ್ಟ್, ಸೆಪ್ಟೆಂಬರ್ ಅತಿ ಹೆಚ್ಚು. ಇನ್ನೊಂದು ವಿಷಯ, ಹನಿಫಾರು ಬೇ ಒಳಗೆ 2012ರಿಂದ ಸ್ಕೂಬಾ ನಿಷೇಧ. ಸೀಸನ್‌ನಲ್ಲಿ ಹೋದರೂ ಸ್ನಾರ್ಕೆಲ್ ಮಾತ್ರ. ಫೆಬ್ರವರಿಯ ಟ್ರಿಪ್ಪಿಗೆ ಹನಿಫಾರು ಹೆಸರು ಹಾಕಿ ಮಾರುತ್ತಿದ್ದಾರೆ ಅಂದರೆ ಆ ಏಜೆಂಟರ ಬೇರೆ ಮಾತುಗಳನ್ನೂ ಎರಡು ಸಲ ಪರೀಕ್ಷಿಸಿ.

ಮಾಲ್ಡೀವ್ಸ್‌ನ ರೂಟ್ ಆರಿಸಲು ಒಂದು ಸೂತ್ರ ತಿಳಿದಿದ್ದರೆ ಸಾಕು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಈಶಾನ್ಯ ಮಾನ್ಸೂನ್, ಅಲ್ಲಿನವರು ಇರುವೈ ಅನ್ನುತ್ತಾರೆ. ಆಗ ಸಮುದ್ರದ ಸೆಳೆತ ಪೂರ್ವದಿಂದ ಪಶ್ಚಿಮಕ್ಕೆ. ಹೊರಸಮುದ್ರದ ತಿಳಿನೀರು ಅಟಾಲ್‌ಗಳ ಪೂರ್ವದ ಬಾಯಿಗಳಿಂದ ಒಳಗೆ ನುಗ್ಗುತ್ತದೆ. ಆ ಬಾಯಲ್ಲೇ ಗ್ರೇ ರೀಫ್ ಶಾರ್ಕ್, ಈಗಲ್ ರೇ ನಿಂತಿರುತ್ತವೆ. ಒಳಗಿನ ಪ್ಲಾಂಕ್ಟನ್ ಹೊತ್ತ ಮಬ್ಬುನೀರು ಪಶ್ಚಿಮದಿಂದ ಹೊರಬೀಳುತ್ತದೆ, ಅದನ್ನು ತಿನ್ನಲು ಮ್ಯಾಂಟಾ ಅಲ್ಲಿಗೆ ಬರುತ್ತವೆ. ಮೇ ನಂತರ ಹುಳ್ಹಂಗು, ಅಂದರೆ ನೈಋತ್ಯ ಮಾನ್ಸೂನ್, ಶುರುವಾದರೆ ಇದೆಲ್ಲ ತಿರುವುಮುರುವು. ಹಾಗಾಗಿ ಫೆಬ್ರವರಿಯಲ್ಲಿ ಶಾರ್ಕ್‌ಗೆ ಪೂರ್ವದ ಅಂಚು, ಮ್ಯಾಂಟಾಗೆ ಪಶ್ಚಿಮದ ಅಂಚು. ಕೊಟ್ಟಿರುವ ಐಟಿನರರಿಯನ್ನು ಮ್ಯಾಪ್ ಮೇಲಿಟ್ಟು ಇದೊಂದನ್ನು ನೋಡಿ, ತಯಾರಿಸಿದವರಿಗೆ ವಿಷಯ ಗೊತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ನಿಮ್ಮ ಮೊದಲನೆಯ ಕೊಟೇಶನ್ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ವಾವು ಅಟಾಲ್‌ನ ಪೂರ್ವದಲ್ಲಿ ಮಿಯಾರು ಕಂಡು, ಫೊತ್ತೆಯೊ ಕಂಡು ಎಂಬ ಚಾನೆಲ್‌ಗಳು. ಆಲಿಮತಾದಲ್ಲಿ ನರ್ಸ್ ಶಾರ್ಕ್‌ಗಳ ನೈಟ್ ಡೈವ್. ಆಳವಿಲ್ಲ, ಆದರೆ ಒಂದೇ ಹೊತ್ತಿಗೆ ನಾಲ್ಕೈದು ಬೋಟಿನ ಜನ ಇಳಿದರೆ ಯಾರ ಟಾರ್ಚ್ ಯಾರದ್ದು ಅಂತ ಗೊತ್ತಾಗುವುದಿಲ್ಲ, ನಿಮ್ಮ ಟ್ಯಾಂಕಿಗೆ ಬಣ್ಣದ ಲೈಟ್ ಕಟ್ಟಿಕೊಳ್ಳಿ. ಅಲ್ಲಿಂದ ಆರಿಗೆ ದಾಟಿದರೆ ದಕ್ಷಿಣದಲ್ಲಿ ಮಾಮಿಗಿಲಿ, ಧಿಗುರಾ ದ್ವೀಪಗಳ ಹೊರ ರೀಫ್ ಉದ್ದಕ್ಕೂ ವೇಲ್ ಶಾರ್ಕ್. ಇವು ವರ್ಷವಿಡೀ ಇರುತ್ತವೆ; 2009ರಿಂದ ಅದು ಸಂರಕ್ಷಿತ ಪ್ರದೇಶ. ಪಶ್ಚಿಮಕ್ಕೆ ರಂಗಾಲಿ ಮದಿವರು, ಅದು ಮ್ಯಾಂಟಾಗಳ ಕ್ಲೀನಿಂಗ್ ಸ್ಟೇಷನ್, ಸಣ್ಣ ಮೀನುಗಳು ಅವುಗಳ ಮೈ ಶುಚಿ ಮಾಡುವ ಜಾಗ. ಇನ್ನೂ ಮೇಲೆ ಫೆಸ್ದು ಲಗೂನ್‌ನಲ್ಲಿ ರಾತ್ರಿ ಬೋಟಿನ ಹಿಂಬದಿಯ ದೀಪಕ್ಕೆ ಪ್ಲಾಂಕ್ಟನ್ ಸೇರುತ್ತದೆ, ಅದಕ್ಕೆ ಮ್ಯಾಂಟಾ ಬರುತ್ತವೆ. ಮಾಯಾ ತಿಲಾ, ಫಿಶ್ ಹೆಡ್ ಎಂಬ ಡೈವ್ ಜಾಗಗಳೂ ಆರಿಯಲ್ಲೇ. ಇಷ್ಟನ್ನು 7 ರಾತ್ರಿಯಲ್ಲಿ 16–17 ಡೈವ್‌ಗೆ ಹೊಂದಿಸಬಹುದು.

ಡೀಪ್ ಸೌತ್‌ಗೆ ಫೆಬ್ರವರಿ, ಮಾರ್ಚ್ ಬಹಳ ಒಳ್ಳೆಯ ಕಾಲ ಅನ್ನುವುದು ನಿಜ. ಆದರೆ ಅಲ್ಲಿ ದಿನದಿನವೂ ಚಾನೆಲ್ ಡೈವ್, ಬಲವಾದ ಸೆಳೆತ, 28–30 ಮೀಟರ್‌ನಲ್ಲಿ ಬಂಡೆಗೆ ಹುಕ್ ಹಾಕಿ ನಿಲ್ಲುವ ಕೆಲಸ; ಫುವಹ್ಮುಲದಲ್ಲಿ ಟೈಗರ್ ಶಾರ್ಕ್. ಸಾಮಾನ್ಯವಾಗಿ 50 ಡೈವ್ ಕೇಳುತ್ತಾರೆ, ಕೆಲವರು 100. 14 ಡೈವ್ ಆದವರನ್ನು ಯಾವ ಪ್ರಶ್ನೆಯೂ ಕೇಳದೆ ಹತ್ತಿಸಿಕೊಳ್ಳಲು ಒಪ್ಪಿದ್ದಾರೆ ಅಂದರೆ ಆ ಬೋಟನ್ನೇ ಬಿಟ್ಟುಬಿಡಿ.

ಪದಗಳು: ತಿಲಾ ಅಂದರೆ ನೀರೊಳಗೇ ನಿಂತ ಗುಡ್ಡ, ನೆತ್ತಿ ಹೆಚ್ಚಾಗಿ 6–15 ಮೀಟರ್ ಕೆಳಗೆ. ಗಿರಿ ಅಂದರೆ ಮೇಲ್ಮೈ ಹತ್ತಿರದವರೆಗೂ ಎದ್ದದ್ದು. ನಮಗೆ ನೆನಪಿಡಲು ಸುಲಭ. ಕಂಡು ಅಂದರೆ ಅಟಾಲ್ ಗೋಡೆಯ ನಡುವಿನ ಚಾನೆಲ್. ಐಟಿನರರಿಯಲ್ಲಿ ಕಂಡು ಎಷ್ಟು, ತಿಲಾ ಎಷ್ಟು ಎಣಿಸಿ. ಕಂಡು ಹೆಚ್ಚಿದ್ದಷ್ಟೂ ಸೆಳೆತ ಹೆಚ್ಚು.

ದಿನಾಂಕ ಖಚಿತ ಮಾಡುವ ಮುಂಚೆ ಪಂಚಾಂಗವನ್ನೂ ನೋಡಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಉಬ್ಬರ ಇಳಿತ ಜೋರು, ಕಂಡುಗಳಲ್ಲಿ ನೀರಿನ ಓಟವೂ ಜೋರು. ನಿಮ್ಮ ಅನುಭವಕ್ಕೆ ಅಷ್ಟಮಿ ನಡುವೆ ಬೀಳುವ ವಾರ ಹಿತ.

---

ಬಾಟಮ್_ಟೈಮ್:

ರೂಟ್ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ಸೇರಿಸುವುದೇನಿಲ್ಲ. ಬೋಟಿನ ವಿಷಯ ಹೇಳುತ್ತೇನೆ. ಕ್ಯಾಬಿನ್ ಫೋಟೋ, ಜಕೂಜಿ ಫೋಟೋ ನೋಡಿ ತೀರ್ಮಾನಕ್ಕೆ ಬರಬೇಡಿ. ಈ ಪ್ರಶ್ನೆಗಳನ್ನು ಈಮೇಲ್‌ನಲ್ಲೇ ಕೇಳಿ, ಉತ್ತರವೂ ಬರವಣಿಗೆಯಲ್ಲೇ ಬರಲಿ.

ಮೊದಲು ಬೆಂಕಿ. 2019ರ ಸೆಪ್ಟೆಂಬರ್ 2ರಂದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್ ದ್ವೀಪದ ಬಳಿ ಲಂಗರು ಹಾಕಿದ್ದ ಕನ್ಸೆಪ್ಷನ್ ಎಂಬ ಡೈವ್ ಬೋಟ್ ರಾತ್ರಿ ಹೊತ್ತಿ ಉರಿದು, ಕೆಳಡೆಕ್‌ನಲ್ಲಿ ಮಲಗಿದ್ದ 34 ಜನ ಸತ್ತರು. ರಾತ್ರಿ ಸುತ್ತು ಹಾಕುವ ಕಾವಲು ಇರಲಿಲ್ಲ. ಕೆಳಗಿಂದ ಹೊರಬರುವ ಎರಡು ದಾರಿಗಳೂ ಒಂದೇ ಹಾಲ್‌ಗೆ ತೆರೆದುಕೊಳ್ಳುತ್ತಿದ್ದವು, ಬೆಂಕಿ ಇದ್ದದ್ದೂ ಅಲ್ಲೇ. ಆದ್ದರಿಂದ ಕೇಳಬೇಕಾದದ್ದು ಹೀಗೆ: ಕೆಳಡೆಕ್ ಕ್ಯಾಬಿನ್‌ಗಳಿಗೆ ಮೆಟ್ಟಿಲು ಬಿಟ್ಟು ಬೇರೆ ತುರ್ತು ದಾರಿ ಇದೆಯೇ, ಅದು ಎಲ್ಲಿಗೆ ತೆರೆಯುತ್ತದೆ? ರಾತ್ರಿಯಿಡೀ ಎಚ್ಚರವಿರುವವರು ಯಾರು? ಕ್ಯಾಮೆರಾ, ಟಾರ್ಚ್ ಬ್ಯಾಟರಿ ಚಾರ್ಜ್ ಮಾಡುವುದು ಎಲ್ಲಿ? ಕ್ಯಾಬಿನ್ ಒಳಗೆ, ರಾತ್ರಿ ಮಲಗಿದಾಗ ಲಿಥಿಯಂ ಬ್ಯಾಟರಿ ಚಾರ್ಜಿಗೆ ಹಾಕಲು ಬಿಡುವ ಬೋಟ್ ಬೇಡ. ಹತ್ತಿದ ದಿನವೇ ನೀವಿಬ್ಬರೂ ಆ ತುರ್ತು ದಾರಿಯ ಮುಚ್ಚಳ ತೆಗೆದು, ಒಮ್ಮೆ ಪೂರ್ತಿ ಹತ್ತಿ ಹೊರಗೆ ಬನ್ನಿ. ಅದರ ಮೇಲೆ ಲೈಫ್ ಜಾಕೆಟ್ ರಾಶಿಯೋ, ಹಾಸಿಗೆಯೋ ಇದ್ದರೆ ತೆಗೆಸಿ. ಇಷ್ಟಕ್ಕೆ ಸಂಕೋಚ ಪಟ್ಟುಕೊಳ್ಳಬೇಡಿ.

ಎರಡನೆಯದು ಆಮ್ಲಜನಕ. "ಆಕ್ಸಿಜನ್ ಇದೆಯಾ" ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಎಷ್ಟು ಲೀಟರ್ ಅಂತ ಕೇಳಬೇಕು. ಡಿಕಂಪ್ರೆಷನ್ ಸಿಕ್‌ನೆಸ್ (ಮೇಲೇರುವಾಗ ಮೈಯಲ್ಲಿ ನೈಟ್ರೋಜನ್ ಗುಳ್ಳೆಗಟ್ಟುವ ತೊಂದರೆ) ಆದವರಿಗೆ ನಾನ್ ರೀಬ್ರೀದರ್ ಮಾಸ್ಕ್‌ನಲ್ಲಿ ನಿಮಿಷಕ್ಕೆ 15 ಲೀಟರ್ ಬೇಕು. 10 ಲೀಟರ್ ಸಿಲಿಂಡರ್‌ನಲ್ಲಿ 150 ಬಾರ್ ಇದ್ದರೆ 1500 ಲೀಟರ್. 100 ನಿಮಿಷಕ್ಕೆ ಖಾಲಿ. ಇದಕ್ಕೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆ, ಅಂದರೆ ಚೇಂಬರ್, ಇರುವ ಕಡೆಗೆ 4 ಗಂಟೆ ಪ್ರಯಾಣ ಅಂದರೆ 3600 ಲೀಟರ್ ಬೇಕು, ಅದೂ ಒಬ್ಬರಿಗೆ. ಮಾಲೆ ಹತ್ತಿರ ಬಂಡೋಸ್ ದ್ವೀಪದಲ್ಲಿ ರೀಕಂಪ್ರೆಷನ್ ಚೇಂಬರ್ ಇದೆ. ನಿಮ್ಮ ರೂಟ್‌ನ ಅತಿ ದೂರದ ಜಾಗದಿಂದ ಚೇಂಬರ್‌ಗೆ ಸ್ಪೀಡ್‌ಬೋಟ್‌ನಲ್ಲಿ ಎಷ್ಟು ಹೊತ್ತು ಅಂತ ಅವರೇ ಹೇಳಲಿ. ಡೈವಿಂಗ್ ವಿಮೆ ಇಲ್ಲದೆ ಹೋಗಬೇಡಿ. ಸಾಮಾನ್ಯ ಟ್ರಾವೆಲ್ ಇನ್ಶುರೆನ್ಸ್‌ಗಳಲ್ಲಿ ಸ್ಕೂಬಾ ಹೊರಗಿಟ್ಟಿರುವುದೇ ಹೆಚ್ಚು. ಡ್ಯಾನ್ (ಡೈವರ್ಸ್ ಅಲರ್ಟ್ ನೆಟ್‌ವರ್ಕ್) ತರಹದ್ದು ಬೇಕು, ಅದರಲ್ಲಿ ಚೇಂಬರ್ ಖರ್ಚು, ಸ್ಥಳಾಂತರದ ಖರ್ಚು ಎರಡೂ ಬರೆದಿರಬೇಕು.

ಮೂರು, ಧೋನಿ. ಮಾಲ್ಡೀವ್ಸ್‌ನಲ್ಲಿ ಡೈವ್ ಮಾಡುವುದು ದೊಡ್ಡ ಬೋಟಿನಿಂದಲ್ಲ, ಜೊತೆಗೇ ಬರುವ ಇನ್ನೊಂದು ದೋಣಿಯಿಂದ. ಟ್ಯಾಂಕ್, ಕಂಪ್ರೆಸರ್, ನಿಮ್ಮ ಸಾಮಾನು ಎಲ್ಲ ಅದರ ಮೇಲೇ ಇರುತ್ತದೆ. ಇದರಿಂದ ಮಲಗುವ ಬೋಟಿನಲ್ಲಿ ಕಂಪ್ರೆಸರ್ ಸದ್ದು, ಡೀಸೆಲ್ ವಾಸನೆ ಕಡಿಮೆ. ನೀವು ಕೇಳಬೇಕಾದದ್ದು: ಎಲ್ಲರೂ ನೀರಿನಲ್ಲಿರುವಾಗ ಧೋನಿಯ ಛಾವಣಿ ಮೇಲೆ ನಿಂತು ಗುಳ್ಳೆ, ಎಸ್‌ಎಂಬಿ (ಡೈವರ್ ಎಲ್ಲಿದ್ದಾರೆ ಅಂತ ತೋರಿಸಲು ಮೇಲಕ್ಕೆ ಬಿಡುವ ಬಲೂನು) ನೋಡುವ ಒಬ್ಬ ಬೇರೆ ಮನುಷ್ಯ ಇರುತ್ತಾನಾ? ಚುಕ್ಕಾಣಿ ಹಿಡಿದವನೇ ನೋಡಿಕೊಳ್ಳುತ್ತಾನೆ ಅಂದರೆ ಸಾಲದು. ಸೆಳೆತದಲ್ಲಿ ಮೂರು ಗುಂಪು ಮೂರು ಕಡೆ ಏಳುತ್ತವೆ.

ಗೈಡ್ ಒಬ್ಬರಿಗೆ ಡೈವರ್ ಎಷ್ಟು? ನಿಮಗೆ 4 ದಾಟಬಾರದು. "20 ಗೆಸ್ಟ್, 2 ಗೈಡ್" ಅಂದರೆ ಕೈಬಿಡಿ. ಗುಂಪನ್ನು ಅನುಭವ ನೋಡಿ ಮಾಡುತ್ತಾರೋ, ಕ್ಯಾಬಿನ್ ನಂಬರ್ ನೋಡಿ ಮಾಡುತ್ತಾರೋ ಅದನ್ನೂ ಕೇಳಿ.

ಕೊನೆಯದು ಕರಾರು. ಸೀಟು ತುಂಬದಿದ್ದರೆ ಏನು ಮಾಡುತ್ತಾರೆ? ಬೇರೆ ಬೋಟಿಗೆ ವರ್ಗಾಯಿಸುವ ಹಕ್ಕು ಅವರಿಗಿದೆಯಾ? ನಿಮ್ಮ ಬೋಟಿನ ಹೆಸರು ವೋಚರ್‌ನಲ್ಲೇ ಇರಬೇಕು, "ಇದೇ ದರ್ಜೆಯ ಬೋಟ್" ಅನ್ನುವ ಸಾಲು ಇದ್ದರೆ ಹೊಡೆದುಹಾಕಿಸಿ.

---

ತಿಳಿಸಾರು:

ಊಟ, ಕಾಗದಪತ್ರ, ದುಡ್ಡಿನ ಬಗ್ಗೆ ಚುಟುಕಾಗಿ.

ಮಾಲ್ಡೀವ್ಸ್ ಅಡುಗೆಯ ಜೀವಾಳ ಟ್ಯೂನಾ. "ವೆಜ್ ಇದೆ" ಅನ್ನುವ ಉತ್ತರಕ್ಕೆ ತೃಪ್ತಿಪಡಬೇಡಿ. ತೆಂಗಿನತುರಿ, ಈರುಳ್ಳಿ ಕಾಣುವ ಮಾಸ್ ಹುನಿಯಲ್ಲಿ ಮೀನು ಇರುತ್ತದೆ, ತಿಳಿಸಾರಿನಂತೆ ಕಾಣುವ ಗರುಧಿಯಾ ಮೀನಿನದ್ದೇ ನೀರು. ಒಣಗಿಸಿದ ಟ್ಯೂನಾ ಪುಡಿಯನ್ನು ಸಂಬೋಲ್‌ಗೆ, ಪಲ್ಯಕ್ಕೆ ಉದುರಿಸುವುದೂ ಉಂಟು. "ಮೀನು, ಒಣಮೀನಿನ ಪುಡಿ, ಮೀನಿನ ಸ್ಟಾಕ್ ಯಾವುದೂ ಬೇಡ; ಮೊಟ್ಟೆ ಹಾಲು ಆಗುತ್ತದೆ ಅಥವಾ ಆಗುವುದಿಲ್ಲ" ಅಂತ ಬಿಡಿಸಿ ಬರೆದು, ಹೊರಡುವ ಎರಡು ವಾರ ಮುಂಚೆ ಇನ್ನೊಮ್ಮೆ ನೆನಪಿಸಿ. ದಿನಸಿ ಮಾಲೆಯಲ್ಲೇ ತುಂಬಿಕೊಂಡು ಹೊರಡುವುದರಿಂದ ನಡುಸಮುದ್ರದಲ್ಲಿ ಬೇಳೆ ಕೇಳಿದರೆ ಸಿಗುವುದಿಲ್ಲ. ಚಟ್ನಿಪುಡಿ, ಗೊಜ್ಜವಲಕ್ಕಿ, ಖಾರಬೂಂದಿ ಒಂದು ಡಬ್ಬಿ ನಿಮ್ಮ ಜೊತೆ ಇರಲಿ; ಮೂರನೆಯ ಡೈವ್ ಮುಗಿಸಿ ಬಂದಾಗ ಹಸಿವು ಗಡಿಯಾರ ನೋಡುವುದಿಲ್ಲ.

ಭಾರತೀಯರಿಗೆ ಮಾಲೆಯಲ್ಲಿ ಇಳಿದ ಮೇಲೆ ಉಚಿತ ವೀಸಾ. ಆದರೆ ವಿಮಾನ ಹೊರಡುವ ಹಿಂದಿನ 96 ಗಂಟೆಯೊಳಗೆ ಇಮುಗಾ ಪೋರ್ಟಲ್‌ನಲ್ಲಿ ಟ್ರಾವೆಲರ್ ಡಿಕ್ಲರೇಷನ್ ತುಂಬಬೇಕು. ವಿಳಾಸದ ಕಾಲಂನಲ್ಲಿ ಬೋಟಿನ ಹೆಸರು ಹಾಕಬೇಕು, ಅದಕ್ಕೂ ವೋಚರ್ ಕೈಯಲ್ಲಿರಲಿ. ಡ್ಯೂಟಿ ಫ್ರೀಯಲ್ಲಿ ಬಾಟಲ್ ಕೊಳ್ಳಬೇಡಿ, ಕಸ್ಟಮ್ಸ್‌ನಲ್ಲಿ ಹಿಡಿದಿಡುತ್ತಾರೆ. ಅಲ್ಲಿನ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ. ಪಿಕಪ್ ಸಮಯ ಹೇಳುವಾಗ ಯಾವ ಊರಿನ ಗಂಟೆ ಅಂತ ಖಚಿತ ಮಾಡಿಕೊಳ್ಳಿ.

ಕೊಟೇಶನ್ ಹೋಲಿಸುವಾಗ ಈ ಮೂರು ಸೇರಿದೆಯಾ ನೋಡಿ. ಗ್ರೀನ್ ಟ್ಯಾಕ್ಸ್: 2025ರ ಜನವರಿಯಿಂದ ಸಫಾರಿ ಬೋಟ್‌ಗಳಿಗೆ ತಲೆಗೆ ದಿನಕ್ಕೆ 12 ಡಾಲರ್, 7 ರಾತ್ರಿಗೆ ಇಬ್ಬರಿಗೆ 168. ಟಿಜಿಎಸ್‌ಟಿ (ಪ್ರವಾಸೋದ್ಯಮದ ಜಿಎಸ್‌ಟಿ): 2025ರ ಜುಲೈನಿಂದ 17%. ಇದು ಮೂಲದರದ ಮೇಲಷ್ಟೇ ಅಲ್ಲ, ಬೋಟಿನಲ್ಲಿ ಬಾಡಿಗೆಗೆ ಪಡೆಯುವ ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್), ನೈಟ್ರಾಕ್ಸ್ ಎಲ್ಲದರ ಮೇಲೂ ಬೀಳುತ್ತದೆ. ಆಮೇಲೆ ಸಿಬ್ಬಂದಿ ಟಿಪ್ಸ್, ಕೆಲವು ಬೋಟ್‌ಗಳು ಇದನ್ನು ಕಡ್ಡಾಯ ಶುಲ್ಕವಾಗಿಯೇ ಬಿಲ್‌ಗೆ ಸೇರಿಸುತ್ತವೆ. ಡೀಪ್ ಸೌತ್ ಆಗಿದ್ದರೆ ಗನ್ ಅಥವಾ ಕೂಡ್ಡೂಗೆ ದೇಶೀಯ ವಿಮಾನದ ಟಿಕೆಟ್ ಬೇರೆ. ಅಗ್ಗ ಅಂತ ಕಂಡದ್ದು ಇದನ್ನೆಲ್ಲ ಕೂಡಿಸಿದ ಮೇಲೂ ಅಗ್ಗವೇ ಇರುತ್ತದೆ ಅನ್ನುವ ಹಾಗಿಲ್ಲ.

---

ನೇತ್ರಾಣಿ_ದಾಟಿ:

ತುಂಬಾ ಉಪಕಾರವಾಯಿತು. ಬಾ ಅಟಾಲ್, ಡೀಪ್ ಸೌತ್ ಎರಡನ್ನೂ ಕೈಬಿಟ್ಟೆ. ಸೆಂಟ್ರಲ್ ಅಟಾಲ್ಸ್‌ನವರಿಗೆ ಈ ಪ್ರಶ್ನೆಗಳನ್ನು ಕಳಿಸುತ್ತೇನೆ.

ಇನ್ನೊಂದು ಚಿಂತೆ ಹೆಂಡತಿಯದ್ದು. ಹ್ಯಾವ್‌ಲಾಕ್‌ನಲ್ಲಿ ಸರಾಸರಿ 12 ಮೀಟರ್ ಆಳದಲ್ಲಿ 40 ನಿಮಿಷಕ್ಕೆ ಟ್ಯಾಂಕಿನ ಒತ್ತಡ 200ರಿಂದ 50 ಬಾರ್‌ಗೆ ತರುತ್ತಾಳೆ, ಸಾಮಾನ್ಯ ಅಲ್ಯೂಮಿನಿಯಂ 80 ಟ್ಯಾಂಕ್. ಆಳದ ತಿಲಾಗಳಲ್ಲಿ ಅವಳಿಂದಾಗಿ ಗುಂಪೆಲ್ಲ ಬೇಗ ಮೇಲೇಳಬೇಕಾಗುತ್ತದಾ? ನವೆಂಬರ್‌ನಿಂದ ಜನವರಿವರೆಗೆ ನಮಗೆ ಎರಡು ಸಲ ರಜೆ ಸಿಗುತ್ತದೆ. ಏನು ತಯಾರಿ ಮಾಡಿಕೊಳ್ಳಬಹುದು?

---

ಬಾಟಮ್_ಟೈಮ್:

ಲೆಕ್ಕ ಹಾಕೋಣ. ಟ್ಯಾಂಕ್ 11.1 ಲೀಟರ್, ಬಳಸಿದ್ದು 150 ಬಾರ್, ಅಂದರೆ 1665 ಲೀಟರ್. 40 ನಿಮಿಷಕ್ಕೆ ಭಾಗಿಸಿದರೆ ಸುಮಾರು 41.6. 12 ಮೀಟರ್‌ನಲ್ಲಿ ಒತ್ತಡ 2.2 ಬಾರ್, ಅದರಿಂದ ಭಾಗಿಸಿದರೆ ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ ಹತ್ತಿರಹತ್ತಿರ 19 ಲೀಟರ್. ಹೊಸಬರಿಗೆ ಇದು ಕೆಟ್ಟ ಸಂಖ್ಯೆ ಏನಲ್ಲ.

25 ಮೀಟರ್‌ನಲ್ಲಿ ಒತ್ತಡ 3.5. ಅದೇ ಉಸಿರಿಗೆ ನಿಮಿಷಕ್ಕೆ 66 ಲೀಟರ್. ಇನ್ನು ಅಲ್ಲಿಂದ ಯಾವಾಗ ಮೇಲಕ್ಕೆ ಹೊರಡಬೇಕು? ಒಬ್ಬರ ಗಾಳಿ ಪೂರ್ತಿ ಕೈಕೊಟ್ಟು ಇಬ್ಬರೂ ಒಂದೇ ಟ್ಯಾಂಕ್‌ನಲ್ಲಿ ಏಳಬೇಕಾದರೆ, ಗಾಬರಿಯಲ್ಲಿ ತಲಾ 25 ಲೀಟರ್ ಹಿಡಿಯಿರಿ, ಇಬ್ಬರಿಂದ 50. ಕೆಳಗೆ ಸುಧಾರಿಸಿಕೊಳ್ಳಲು 1 ನಿಮಿಷ: 175 ಲೀಟರ್. ನಿಮಿಷಕ್ಕೆ 9 ಮೀಟರ್‌ನಂತೆ ಏರಲು ಸುಮಾರು 3 ನಿಮಿಷ: 340. 5 ಮೀಟರ್‌ನಲ್ಲಿ 3 ನಿಮಿಷದ ಸೇಫ್ಟಿ ಸ್ಟಾಪ್: 225. ಒಟ್ಟು 740 ಲೀಟರ್, ಈ ಟ್ಯಾಂಕ್‌ನಲ್ಲಿ 66–67 ಬಾರ್. ಅಂದರೆ 25 ಮೀಟರ್‌ನಲ್ಲಿ 70 ಬಾರ್ ತೋರಿಸಿದ ಕೂಡಲೇ ಹೊರಡಬೇಕು. 50ಕ್ಕೆ ಮೇಲೇಳುತ್ತೇನೆ ಅನ್ನುವ ರೂಢಿ ಹ್ಯಾವ್‌ಲಾಕ್‌ನ 12 ಮೀಟರ್‌ಗೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಉಳಿದ 130 ಬಾರ್‌ಗೆ ಅವರಿಗೆ ಸಿಗುವುದು 21–22 ನಿಮಿಷ.

ಅದೇ 15 ಲೀಟರ್ ಟ್ಯಾಂಕ್ ಆದರೆ ಕಾಯ್ದಿಡಬೇಕಾದದ್ದು 50 ಬಾರ್ ಮಾತ್ರ, ಬಳಸಲು 2250 ಲೀಟರ್, 34 ನಿಮಿಷ. ಆದ್ದರಿಂದ ಅವರಿಗೆ 15 ಲೀಟರ್ ಟ್ಯಾಂಕ್ ಬುಕಿಂಗ್ ಹೊತ್ತಿಗೇ ಹೇಳಿಟ್ಟುಕೊಳ್ಳಿ. ಬೋಟಿನಲ್ಲಿ ಅಂಥವು ಕೆಲವೇ ಇರುತ್ತವೆ, ಮೊದಲು ಕೇಳಿದವರಿಗೆ ಸಿಗುತ್ತವೆ. ಟ್ಯಾಂಕ್ ಬದಲಾದರೆ ತೂಕವೂ ಬದಲಾಗುತ್ತದೆ, ಮೊದಲ ದಿನದ ಚೆಕ್ ಡೈವ್‌ನಲ್ಲೇ ವೇಟ್ ಸರಿಮಾಡಿಕೊಳ್ಳಿ.

ಓಪನ್ ವಾಟರ್‌ನವರ ಮಿತಿ 18 ಮೀಟರ್. ಒಳ್ಳೆಯ ತಿಲಾಗಳ ಜೀವ ಇರುವುದೇ 15ರಿಂದ 28ರ ನಡುವೆ. ಹಾಗಾಗಿ ಅಡ್ವಾನ್ಸ್ಡ್ ಆಗಲೇಬೇಕು. ಐದು ಡೈವ್‌ಗಳಲ್ಲಿ ಡೀಪ್, ನ್ಯಾವಿಗೇಷನ್ ಕಡ್ಡಾಯ. ಉಳಿದ ಮೂರಕ್ಕೆ ಬಾಯನ್ಸಿ (ತೇಲುವಿಕೆಯ ಹತೋಟಿ), ಡ್ರಿಫ್ಟ್ (ಸೆಳೆತದ ಜೊತೆ ಸಾಗುವ ಡೈವ್), ನೈಟ್ ತೆಗೆದುಕೊಳ್ಳಿ. ಜೊತೆಗೆ ಇಬ್ಬರೂ ನೈಟ್ರಾಕ್ಸ್ ಮಾಡಿಕೊಳ್ಳಿ, ಅದಕ್ಕೆ ನೀರಿಗಿಳಿಯುವ ಅಗತ್ಯವೂ ಇಲ್ಲ. ದಿನಕ್ಕೆ ಮೂರರಂತೆ ಆರು ದಿನ ಮುಳುಗುವವರಿಗೆ ಅದರ ಬೆಲೆ ಗೊತ್ತಾಗುತ್ತದೆ. 30 ಮೀಟರ್‌ಗೆ ಗಾಳಿಯಲ್ಲಿ, ಡಿಕಂಪ್ರೆಷನ್ ನಿಲುಗಡೆ ಇಲ್ಲದೆ ಕೆಳಗಿರಲು ಪ್ಯಾಡಿ (ಡೈವ್ ತರಬೇತಿ ಸಂಸ್ಥೆ) ಟೇಬಲ್ ಕೊಡುವುದು 20 ನಿಮಿಷ. 32% ನೈಟ್ರಾಕ್ಸ್‌ನಲ್ಲಿ ಅದೇ 30 ಮೀಟರ್ ಗಾಳಿಯ 24.4 ಮೀಟರ್‌ಗೆ ಸಮ, ಟೇಬಲ್‌ನಲ್ಲಿ 25ರ ಸಾಲು ನೋಡಿದರೆ 29 ನಿಮಿಷ. ಆದರೆ ನೈಟ್ರಾಕ್ಸ್‌ನಿಂದ ಟ್ಯಾಂಕ್ ಹೆಚ್ಚು ಹೊತ್ತು ಬರುವುದಿಲ್ಲ, ಆ ತಪ್ಪು ಕಲ್ಪನೆ ಬೇಡ.

ಪ್ರತಿ ಟ್ಯಾಂಕ್‌ನಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ನೀವೇ ಅನಲೈಸ್ ಮಾಡಿ, ಪುಸ್ತಕದಲ್ಲಿ ಬರೆದು ಸಹಿ ಹಾಕಿ. 32 ಇದ್ದರೆ, ಆಮ್ಲಜನಕದ ಭಾಗಶಃ ಒತ್ತಡಕ್ಕಿರುವ 1.4 ಬಾರ್ ಮಿತಿಯಲ್ಲಿ 33 ಮೀಟರ್‌ವರೆಗೆ ಸರಿ. ತುಂಬುವಾಗ ಏರುಪೇರಾಗಿ 36 ಬಂದಿದ್ದರೆ ಮಿತಿ 28.9ಕ್ಕೆ ಇಳಿಯುತ್ತದೆ. ಮಾಲ್ಡೀವ್ಸ್‌ನ ಕಾನೂನು ಮಿತಿಯಾದ 30 ಮೀಟರ್ ಪಾಲಿಸಿದರೂ ನೀವು ಅಪಾಯದ ಆಚೆಗೆ ಹೋಗಿರುತ್ತೀರಿ. ಟ್ಯಾಂಕಿನ ಟೇಪ್ ಮೇಲೆ ಬರೆದದ್ದನ್ನು ನಂಬಿ ಇಳಿಯುವುದು ಬೇಡ.

---

ಕಡಲಕೋಡಿ:

ಎರಡು ರಜೆ ಸಿಗುತ್ತವೆ ಅಂದಿರಿ. ಒಂದನ್ನು ಅಂಡಮಾನ್‌ಗೆ ಇಡಿ, ಅಡ್ವಾನ್ಸ್ಡ್ ಮುಗಿಸಿ. ಇನ್ನೊಂದನ್ನು ಮುರುಡೇಶ್ವರದಿಂದ ನೇತ್ರಾಣಿಗೆ. ನೇತ್ರಾಣಿಯಲ್ಲಿ ಫನ್ ಡೈವ್ ಮಾತ್ರ ಮಾಡಿ ಬರುವುದಲ್ಲ. ಇನ್‌ಸ್ಟ್ರಕ್ಟರ್‌ಗೆ ಹೇಳಿ ಈ ಮೂರು ಕೆಲಸ ಕೈಗೆ ಹತ್ತಿಸಿಕೊಳ್ಳಿ.

ಒಂದು, ಎಸ್‌ಎಂಬಿ. 5 ಮೀಟರ್‌ನಲ್ಲಿ ತೇಲುತ್ತಾ, ಆಳ ಒಂದು ಮೀಟರ್‌ಗಿಂತ ಹೆಚ್ಚು ಬದಲಾಗದಂತೆ, ಅದನ್ನು ಮೇಲಕ್ಕೆ ಬಿಡಲು ಬರಬೇಕು. ಇಬ್ಬರಿಗೂ ಬೇರೆಬೇರೆ ಇರಲಿ, 1.5 ಮೀಟರ್ ಉದ್ದದ್ದು, 15 ಮೀಟರ್ ದಾರದ ಫಿಂಗರ್ ಸ್ಪೂಲ್. ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ: ಗಾಳಿ ತುಂಬುವ ಹೊತ್ತಿಗೆ ಸ್ಪೂಲ್ ಕ್ಲಿಪ್ ಬಿಸಿಡಿಗೆ ಸಿಕ್ಕಿಸಿಯೇ ಇರುತ್ತದೆ, ದಾರ ಸಿಕ್ಕಾಗುತ್ತದೆ, ಬಲೂನು ಮನುಷ್ಯನನ್ನೂ ಎಳೆದುಕೊಂಡು ಹೋಗುತ್ತದೆ. ಸ್ಪೂಲ್ ಬಿಡಿಯಾಗಿ ಕೈಯಲ್ಲಿರಬೇಕು. ಸಿಕ್ಕಾದರೆ ಸ್ಪೂಲ್ ಸಮೇತ ಬಿಟ್ಟುಬಿಡಿ.

ಎರಡು, ನೆಗೆಟಿವ್ ಎಂಟ್ರಿ. ಸೆಳೆತವಿರುವ ತಿಲಾಗೆ ಮೇಲೆ ತೇಲಿ ಒಬ್ಬರಿಗೊಬ್ಬರು ಕಾಯುತ್ತಾ ಕೂತರೆ ಗುಡ್ಡವೇ ತಪ್ಪಿಹೋಗುತ್ತದೆ. ಬಿಸಿಡಿಯ ಗಾಳಿಯನ್ನು ಬಾಯಿಂದ ಹೀರಿ ಪೂರ್ತಿ ಖಾಲಿ ಮಾಡಿ, ಎಲ್ಲರೂ ಒಟ್ಟಿಗೆ ಹಾರಿ, ತಲೆ ಕೆಳಗಾಗಿ ಇಳಿಯಬೇಕು. ಹಾರುವ ಮೊದಲು ವಾಲ್ವ್ ಪೂರ್ತಿ ತೆರೆದಿದೆಯೇ ಅಂತ ಗೇಜ್ ನೋಡುತ್ತಾ ರೆಗ್ಯುಲೇಟರ್‌ನಲ್ಲಿ ನಾಲ್ಕು ಉಸಿರು ಎಳೆಯಿರಿ. ಮುಳ್ಳು ಅಲ್ಲಾಡಿದರೆ ಹಾರಬೇಡಿ. ಕಿವಿ ತೆರೆಯದಿದ್ದರೆ ಅಲ್ಲೇ ನಿಂತು ಒಂದು ಮೀಟರ್ ಮೇಲೆ ಬನ್ನಿ, ಆಗಲೂ ಆಗದಿದ್ದರೆ ಡೈವ್ ಬಿಡಿ, ಎಸ್‌ಎಂಬಿ ಹಾಕಿ ಧೋನಿ ಹತ್ತಿ. ಗುಂಪು ಮುಂದೆ ಹೋಯಿತು ಅಂತ ನೋವಿನಲ್ಲೇ ಇಳಿದರೆ ಮಿಕ್ಕ ಆರು ದಿನ ಡೆಕ್ ಮೇಲೆ ಕೂರಬೇಕಾಗುತ್ತದೆ.

ಮೂರು, ರೀಫ್ ಹುಕ್. ಸತ್ತ ಬಂಡೆಗೆ, ಗಟ್ಟಿ ಅಂಚಿಗೆ ಮಾತ್ರ ಹಾಕಬೇಕು. ಜೀವಂತ ಹವಳಕ್ಕೆ ಹಾಕಿದರೆ ಅದೂ ಮುರಿಯುತ್ತದೆ, ನೀವೂ ಹಾರಿಹೋಗುತ್ತೀರಿ. 1998 ಮತ್ತು 2016ರ ಬಿಳಿಚುವಿಕೆಯಲ್ಲಿ ಅಲ್ಲಿನ ಹವಳ ಸತ್ತದ್ದೇ ಸಾಕಷ್ಟಿದೆ, ಉಳಿದದ್ದನ್ನು ನಾವು ಮುರಿಯುವುದು ಬೇಡ. ದಾರದ ಇನ್ನೊಂದು ತುದಿ ಬಿಸಿಡಿಯ ಮುಂಭಾಗದ ಕೆಳಗಿನ ಡಿ ರಿಂಗ್‌ಗೆ, ಭುಜದ್ದಕ್ಕಲ್ಲ. ಸಿಕ್ಕಿಸಿದ ಮೇಲೆ ಬಿಸಿಡಿಗೆ ಚೂರೇ ಚೂರು ಗಾಳಿ, ಹೊಟ್ಟೆ ರೀಫ್‌ನಿಂದ ಎದ್ದು ಗಾಳಿಪಟದಂತೆ ನಿಲ್ಲುವಷ್ಟು. ಮುಖ ಸೆಳೆತಕ್ಕೆ ನೇರ ಇರಲಿ. ಪಕ್ಕಕ್ಕೆ ತಿರುಗಿದರೆ ಮಾಸ್ಕ್ ಒಳಗೆ ನೀರು ನುಗ್ಗುತ್ತದೆ, ರೆಗ್ಯುಲೇಟರ್ ಬುಸುಗುಡಲು ಶುರುಮಾಡುತ್ತದೆ. ಬಿಚ್ಚುವ ಮುಂಚೆ ಆ ಗಾಳಿಯನ್ನು ಹೊರಗೆ ಬಿಡಿ, ಮರೆತರೆ ಹುಕ್ ಬಿಟ್ಟ ಕೂಡಲೇ ಮೇಲಕ್ಕೆ ಚಿಮ್ಮುತ್ತೀರಿ. ಹುಕ್ ಸಿಗಲಿಲ್ಲ, ಗುಂಪು ತಪ್ಪಿತು ಅಂದರೆ ಈಜಿ ಹಿಂದೆ ಬರುವ ಪ್ರಯತ್ನ ಬೇಡವೇ ಬೇಡ. ಇಬ್ಬರೂ ಕೈಹಿಡಿದು ನೀಲಿಗೆ ತೇಲಿ, ಎಸ್‌ಎಂಬಿ ಬಿಟ್ಟು, ಸ್ಟಾಪ್ ಮುಗಿಸಿ ಏಳಿ.

ವೇಲ್ ಶಾರ್ಕ್ ಕಂಡಾಗ ದೇಹದಿಂದ 3 ಮೀಟರ್, ಬಾಲದಿಂದ 4 ಮೀಟರ್ ದೂರ. ಫ್ಲ್ಯಾಶ್ ಇಲ್ಲ, ಮುಟ್ಟುವುದಿಲ್ಲ. ಅದರ ಮುಂದೆ ಹೋಗಿ ದಾರಿಗೆ ಅಡ್ಡ ನಿಂತರೆ ಅದು ಆಳಕ್ಕಿಳಿದು ಹೋಗುತ್ತದೆ, ಹಿಂದಿದ್ದ ಇಪ್ಪತ್ತು ಜನಕ್ಕೂ ನಷ್ಟ. ಪಕ್ಕದಲ್ಲಿ, ಅದರ ವೇಗಕ್ಕೆ ಈಜಿ.

---

ಅಂಡಮಾನಿ_ಶಿರಸಿ:

ಒಂದು ಪರ್ಯಾಯ. ಜನವರಿ ಹೊತ್ತಿಗೆ ಮೇಡಂಗೆ ಡ್ರಿಫ್ಟ್ ಹಿಡಿಸಲಿಲ್ಲ ಅಂತ ಅನ್ನಿಸಿದರೆ ಬಲವಂತ ಬೇಡ. ಧಿಗುರಾ ದ್ವೀಪದಲ್ಲಿ ಗೆಸ್ಟ್‌ಹೌಸ್ ಹಿಡಿದು ಅಲ್ಲಿನ ಡೈವ್ ಸೆಂಟರ್‌ನಿಂದ ದಿನಕ್ಕೆ ಎರಡು ಡೈವ್ ಮಾಡಬಹುದು. ವೇಲ್ ಶಾರ್ಕ್ ರೀಫ್ ಅಲ್ಲೇ, ಬೇಡವಾದ ದಿನ ದಡದಲ್ಲೇ ಉಳಿಯಬಹುದು. 50 ರೂಮಿನೊಳಗಿನ ಗೆಸ್ಟ್‌ಹೌಸ್‌ಗೆ ಗ್ರೀನ್ ಟ್ಯಾಕ್ಸ್ ಕೂಡ ದಿನಕ್ಕೆ 6 ಡಾಲರ್. ಬೋಟಿನಲ್ಲೇ ಇರಬೇಕು, ಆದರೆ ಚಿಕ್ಕ ಟ್ರಿಪ್ ಸಾಕು ಅನ್ನುವುದಾದರೆ ಥಾಯ್ಲೆಂಡ್‌ನ ಸಿಮಿಲನ್ ನೋಡಿ. ಖಾವೊ ಲಾಕ್‌ನಿಂದ ನಾಲ್ಕು ರಾತ್ರಿಯ ಬೋಟ್‌ಗಳು ಹೊರಡುತ್ತವೆ. ಕೊ ಬೊನ್, ಕೊ ತಾಚಾಯ್, ರಿಚೆಲ್ಯು ರಾಕ್ ದಾರಿಯಲ್ಲೇ ಸಿಗುತ್ತವೆ. ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಪಾರ್ಕ್ ಮುಚ್ಚಿರುತ್ತದೆ, ಫೆಬ್ರವರಿಗೆ ತೊಂದರೆ ಇಲ್ಲ.

ಸಮುದ್ರದ ತಲೆಸುತ್ತು ಯಾರಿಗಾದರೂ ಬರುವುದಿದ್ದರೆ ಕೆಳಡೆಕ್, ಬೋಟಿನ ನಡುಭಾಗದ ಕ್ಯಾಬಿನ್ ಕೇಳಿ. ಮೇಲಿನ ಡೆಕ್‌ನಲ್ಲಿ ಕಿಟಕಿ ದೊಡ್ಡದು, ತೂಗಾಟವೂ ದೊಡ್ಡದು. ತೀರಾ ಹಿಂಬದಿಯದ್ದು ಎಂಜಿನ್ ರೂಮಿಗೆ ತಾಗಿರುತ್ತದೆ, ಏಸಿಯ ಜನರೇಟರ್ ರಾತ್ರಿಯಿಡೀ ಓಡುತ್ತದೆ. ಅವೋಮಿನ್‌ನಂಥ ಮಾತ್ರೆ ನಿದ್ದೆ ತರುತ್ತದೆ, ಡೈವ್ ದಿನ ಮೊದಲ ಸಲ ನುಂಗುವುದಲ್ಲ. ವೈದ್ಯರನ್ನು ಕೇಳಿ, ಊರಲ್ಲೇ ಒಂದು ಭಾನುವಾರ ತೆಗೆದುಕೊಂಡು ಹೇಗಾಗುತ್ತದೆ ನೋಡಿ.

ಡೈವ್ ಕಂಪ್ಯೂಟರ್ ಇಬ್ಬರಿಗೂ ಬೇರೆಬೇರೆ. ಒಂದನ್ನು ಹಂಚಿಕೊಳ್ಳಲು ಬರುವುದಿಲ್ಲ, ದಿನದ ನಡುವೆ ಅದಲುಬದಲೂ ಮಾಡಬಾರದು, ಅದರಲ್ಲಿ ಲೆಕ್ಕ ಕೂಡುತ್ತಾ ಹೋಗುವುದು ನಿಮ್ಮ ದೇಹದ ನೈಟ್ರೋಜನ್. ನೀರು 27–30 ಡಿಗ್ರಿ, 3 ಎಂಎಂ ಸೂಟ್ ಸಾಕು, ಆದರೂ ನಾಲ್ಕನೆಯ ದಿನದಿಂದ ಚಳಿ ಹತ್ತುತ್ತದೆ, ತಲೆಗೊಂದು ಹುಡ್ ಇಟ್ಟುಕೊಳ್ಳಿ. ಪ್ರತಿ ಡೈವ್ ಆದ ಮೇಲೆ ಸಿಹಿನೀರಲ್ಲಿ ಕಿವಿ ತೊಳೆದು ಒಣಗಿಸಿ, ಹತ್ತಿಕಡ್ಡಿ ಹಾಕಬೇಡಿ. ಮೂರನೆಯ ದಿನದ ಕಿವಿಯುರಿಗೆ ಮುಖ್ಯ ಕಾರಣ ಒದ್ದೆ ಕಿವಿ ಮತ್ತು ಆ ಕಡ್ಡಿ.

ವಾಪಸ್ ಟಿಕೆಟ್ ತೆಗೆಯುವಾಗ ಕೊನೆಯ ಡೈವ್ ಎಷ್ಟು ಗಂಟೆಗೆ ಮುಗಿಯುತ್ತದೆ ಅಂತ ಬೋಟಿನವರಿಂದ ಕೇಳಿಕೊಂಡೇ ತೆಗೆಯಿರಿ. ಹಲವು ದಿನ ಸತತ ಡೈವ್ ಮಾಡಿದವರು ಕನಿಷ್ಠ 18 ಗಂಟೆ ಹಾರಬಾರದು ಅನ್ನುವುದು ಡ್ಯಾನ್ ಸಲಹೆ, 24 ಇಟ್ಟುಕೊಂಡರೆ ನಿಶ್ಚಿಂತೆ. ಕೊನೆಯ ಡೈವ್ ಶುಕ್ರವಾರ ಬೆಳಿಗ್ಗೆ 10ಕ್ಕೆ ಮುಗಿಯುವುದಾದರೆ ಶನಿವಾರ ಮಧ್ಯಾಹ್ನದ ಬೆಂಗಳೂರು ವಿಮಾನ. ಶನಿವಾರ ನಸುಕಿನ ವಿಮಾನ ಸ್ವಲ್ಪ ಅಗ್ಗಕ್ಕೆ ಸಿಕ್ಕರೂ ಬೇಡ. ಶುಕ್ರವಾರ ಮಧ್ಯಾಹ್ನವೇ ಸೂಟ್, ಬಿಸಿಡಿ ತೊಳೆದು ಬಿಸಿಲಿಗೆ ಹಾಕಿ. ಬಿಸಿಡಿ ಒಳಗಿನ ನೀರು ಬಸಿಯದಿದ್ದರೆ ಕೌಂಟರ್‌ನಲ್ಲಿ ಅದೇ ಎರಡು ಕಿಲೋ ತೂಗುತ್ತದೆ. ಟಾರ್ಚ್ ಬ್ಯಾಟರಿ ಬಿಚ್ಚಿ ಹ್ಯಾಂಡ್ ಬ್ಯಾಗ್‌ಗೆ.

---

ನೇತ್ರಾಣಿ_ದಾಟಿ:

ಸೆಂಟ್ರಲ್ ಅಟಾಲ್ಸ್‌ನವರಿಗೆ ಈಗಷ್ಟೇ ಮೇಲ್ ಹಾಕಿದೆ: ಗೈಡ್ ಅನುಪಾತ, ತುರ್ತು ದಾರಿಯ ಫೋಟೋ, ಆಮ್ಲಜನಕ ಎಷ್ಟು ಲೀಟರ್, ಒಂದು 15 ಲೀಟರ್ ಟ್ಯಾಂಕ್, ಒಣಮೀನಿನ ಪುಡಿಯಿಲ್ಲದ ಊಟ. ಅವರು ಕೊಟ್ಟಿದ್ದ ವಾರ ನೋಡಿದರೆ ಹುಣ್ಣಿಮೆ ನಟ್ಟನಡುವೆ ಬೀಳುತ್ತದೆ, ಒಂದು ವಾರ ಹಿಂದಕ್ಕೆ ಸರಿಸಲು ಆಗುತ್ತದಾ ಅಂತಲೂ ಕೇಳಿದ್ದೇನೆ. ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ.